ಡ್ರೈವರ್ ಸಾಹೇಬರ ಜಿಲ್ಲೆ

ಇಂಗ್ಲೆಂಡಿನಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ರಜೆ ಬಂದರೆ ತಮ್ಮ ಕೌಂಟಿಯ ಹಳ್ಳಿ, ಕೋಟೆ, ಚರ್ಚು, ಕಾಲುವೆ ದಂಡೆಗಳನ್ನು ಸುತ್ತಿ ಬರುವುದು ಅಲ್ಲಿಯ ಜನರ ಹಳೆಯ ರೂಢಿ. ಅದಕ್ಕೆಂದೇ ಕೈಪಿಡಿಗಳಿವೆ, ನಕ್ಷೆಗಳಿವೆ, ಹೊಲದ ನಡುವೆ ಹಾಯ್ದುಹೋಗುವ ಕಾಲುದಾರಿಗಳಿಗೂ ಗುರುತಿನ ಹಲಗೆಗಳಿವೆ. ನನ್ನ ಅಕ್ಕನ ಮಗ ಕೆಲವು ವರ್ಷಗಳಿಂದ ಲೆಸ್ಟರ್‌ನಲ್ಲಿ ನೌಕರಿ ಮಾಡುತ್ತಿದ್ದಾನೆ. ಅವನಿಗೂ ಈ ರೂಢಿ ಹತ್ತಿಕೊಂಡಿದೆ. ಭಾನುವಾರ ಬಂತೆಂದರೆ ಫೋಟೊ ಕಳಿಸುತ್ತಾನೆ. ಬ್ರಾಡ್‌ಗೇಟ್ ಪಾರ್ಕಿನ ಜಿಂಕೆಗಳು, ಮೂರನೆಯ ರಿಚರ್ಡ್ 1485ರಲ್ಲಿ ಹತನಾದ ಬಾಸ್‌ವರ್ತ್ ಬಯಲು, ಅದೇ ರಾಜನ ಎಲುಬು 2012ರಲ್ಲಿ ಸಿಕ್ಕ ಕಾರ್ ನಿಲ್ದಾಣ. ಜನ ಗಾಡಿ ನಿಲ್ಲಿಸುವ ಜಾಗದ ಕೆಳಗೆ ಒಬ್ಬ ರಾಜ ಐನೂರು ವರ್ಷ ಮಲಗಿದ್ದ. 2015ರಲ್ಲಿ ಅವನನ್ನು ಮತ್ತೆ ಮರ್ಯಾದೆಯಿಂದ ಅಲ್ಲಿಯ ದೊಡ್ಡ ಚರ್ಚಿನಲ್ಲಿ ಮಣ್ಣು ಮಾಡಿದರು.

ಈ ಫೋಟೊಗಳನ್ನು ನಾನು ಅಬ್ಬಾನಿಗೆ ತೋರಿಸುತ್ತಿದ್ದೆ. ಅವರು ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, "ಚೆನ್ನಾಗಿದೆ. ಆದರೆ ನಮ್ಮ ಕಡೆ ಕಡಿಮೆ ಇದೆಯೇ?" ಎಂದು ಊರುಗಳ ಹೆಸರು ಹೇಳತೊಡಗಿದರು. ಚೌಡದಾನಪುರ, ಗಳಗನಾಥ, ಕಾಗಿನೆಲೆ, ಬಂಕಾಪುರ, ಸವಣೂರು. ಬಸ್ಸಿನ ಬೋರ್ಡು ಓದಿದ ಹಾಗೆ ಹೇಳಿದರು.

"ಇವನ್ನೆಲ್ಲ ನೋಡಿದ್ದೀರಾ ಅಬ್ಬಾ?"

"ಇಲ್ಲ. ಬಸ್ಸು ನಿಲ್ಲಿಸಿದ್ದೇನೆ."

ನಮ್ಮ ಅಬ್ಬಾ ಮೂವತ್ತು ವರ್ಷ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಸೇವೆಗೆ ಸೇರಿದಾಗ ನಮ್ಮದು ಧಾರವಾಡ ಜಿಲ್ಲೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು, ಅದೇ ವರ್ಷ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಬೇರೆಯಾಯಿತು. ಅಬ್ಬಾ ಅದೇ ಸೀಟಿನಲ್ಲಿ ಕುಳಿತಿದ್ದರು, ಬಸ್ಸಿನ ಮೈಮೇಲಿನ ಅಕ್ಷರಗಳಷ್ಟೇ ಬದಲಾದವು. ಜಾತ್ರೆ, ಉರುಸು, ಸಂತೆ, ಮದುವೆ ಎಂದು ಜನರನ್ನು ತಂದಿಳಿಸಿ, ಹತ್ತು ನಿಮಿಷ ಚಹಾ ಕುಡಿದು, ಗಾಡಿ ತಿರುಗಿಸಿಕೊಂಡು ಬರುವುದು ಅವರ ಕೆಲಸ. ಹತ್ತು ನಿಮಿಷದಲ್ಲಿ ಯಾವ ಗುಡಿ ನೋಡಲಾದೀತು, ಯಾವ ಕೋಟೆ ಹತ್ತಲಾದೀತು?

ಹೋದ ವರ್ಷ ಹುಬ್ಬಳ್ಳಿಯ ಕಣ್ಣಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಕಣ್ಣಿನೊಳಗಿನ ಒತ್ತಡದಿಂದ ನರ ಸವೆದಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಯ್ದುಕೊಳ್ಳಬೇಕು. ಬದಿಯ ನೋಟ ಆಗಲೇ ಹೋಗಿತ್ತು. ನೆಟ್ಟಗೆ ಮುಂದಿನದು ಮಾತ್ರ ಕಾಣುತ್ತದೆ, ಕೊಳವೆಯಲ್ಲಿ ಇಣುಕಿದ ಹಾಗೆ. ಮನೆಗೆ ಬರುವ ದಾರಿಯಲ್ಲಿ ಅಬ್ಬಾ ಏನೂ ಕೇಳಲಿಲ್ಲ. ನಾನು ದಸರಾ ರಜೆಯ ಮೂರು ದಿನಗಳನ್ನು ತೆಗೆದಿಟ್ಟೆ.

ಹಲಗೇರಿಯಿಂದ ಹೊರಡುವ ಬೆಳಿಗ್ಗೆ ಅಮ್ಮಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು. "ಗುಡಿಗಳಿಗೆ ಹೋಗುತ್ತೀರಿ. ಟೋಪಿ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಕಾಲ ಸರಿಯಿಲ್ಲ." ಅಮ್ಮಿ ದಿನಾ ಟಿ.ವಿ. ನೋಡುತ್ತಾರೆ. ಅಬ್ಬಾ ಟೋಪಿಯನ್ನು ಸರಿಪಡಿಸಿಕೊಂಡರೇ ಹೊರತು ತೆಗೆಯಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ತಿರುವು ಬಂದಲ್ಲೆಲ್ಲ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತ ಬಂದರು. ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಮೊದಲು ಹೋದದ್ದು ಚೌಡದಾನಪುರಕ್ಕೆ. ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಇಲ್ಲಿಯ ಮುಕ್ತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯದು. ದೊಡ್ಡದೇನಲ್ಲ, ಒಂದೇ ಗರ್ಭಗುಡಿ. ಆದರೆ ಶಿಖರದ ಕೆತ್ತನೆಯನ್ನು ನೋಡಿದರೆ ಅದು ಕಲ್ಲೋ ಕಟ್ಟಿಗೆಯೋ ಎಂಬ ಅನುಮಾನ ಬರುತ್ತದೆ. ಆವರಣದಲ್ಲಿ ಎತ್ತರದ ಶಾಸನಗಳು ನಿಂತಿವೆ. ಗುತ್ತಲದ ಗುತ್ತ ಅರಸರ ಕತೆ, ಇಲ್ಲಿದ್ದ ಮುಕ್ತಜೀಯರ್, ಶಿವದೇವ ಎಂಬ ಶೈವ ತಪಸ್ವಿಗಳ ಕತೆ ಅವುಗಳಲ್ಲಿದೆ. ಊರಿಗೆ ಹೆಸರು ಬಂದದ್ದು ಮಾತ್ರ ಒಬ್ಬ ಅಂಬಿಗನಿಂದ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನಿಗೆ ದಾನವಾಗಿ ಬಂದ ಊರು ಇದೆಂದು ಜನರ ನಂಬಿಕೆ. ಅವನ ಐಕ್ಯಸ್ಥಳವೂ ಇಲ್ಲಿಯೇ ಹೊಳೆಯ ದಂಡೆಯಲ್ಲಿದೆ. ದೋಣಿ ನಡೆಸುವವನೊಬ್ಬ ಅಷ್ಟು ಬಿರುಸಿನ ಮಾತುಗಳನ್ನು ಆಡಿ, ಅವು ಒಂಬತ್ತು ಶತಮಾನ ಉಳಿಯುವುದೆಂದರೆ ಸಣ್ಣ ಸಂಗತಿಯಲ್ಲ. ಅಬ್ಬಾನಿಗೆ ಇದನ್ನು ಹೇಳಿದೆ. "ಅವನೂ ನಮ್ಮ ಲೈನಿನವನೇ" ಎಂದರು. "ಆ ದಂಡೆಯಿಂದ ಈ ದಂಡೆಗೆ."

ಗುಡಿಯ ಗೋಡೆಗೆ ತೀರ ಹತ್ತಿರ ನಿಂತು, ಮುಖವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಹೊರಳಿಸುತ್ತ ಕೆತ್ತನೆಯನ್ನು ತುಂಡುತುಂಡಾಗಿ ಅವರು ನೋಡುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದರು. ನನ್ನ ಎದೆ ಒಂದು ಕ್ಷಣ ಬಡಿದುಕೊಂಡಿತು, ಸುಳ್ಳೇಕೆ ಹೇಳಲಿ. ಅವರು ಅಬ್ಬಾನ ಮುಖವನ್ನೇ ದಿಟ್ಟಿಸಿ, "ಡ್ರೈವರ್ ಸಾಹೇಬ್ರು ಹೌದಲ್ರಿ?" ಎಂದರು.

"ಹೌದ್ರಿ. ನೀವು?"

"ನನ್ನ ಗುರ್ತು ನಿಮಗೆಲ್ಲಿ ಸಿಗಬೇಕ್ರಿ. ನನ್ನ ಮಗಳ ಹೆರಿಗಿ ದಿವ್ಸ ಬಸ್ಸು ಸ್ಟಾಪ್ ಬಿಟ್ಟು ದವಾಖಾನಿ ಮುಂದ ತಂದು ನಿಲ್ಲಿಸಿದ್ರಿ. ಆ ಹುಡುಗಗ ಈಗ ಮದುವಿ ಆಗೇತಿ."

ಅಬ್ಬಾನಿಗೆ ಅದು ನೆನಪಿರಲಿಲ್ಲ. ಅಂಥವು ಎಷ್ಟೋ ಆಗಿದ್ದವು. ಆಮೇಲೆ ಅವರ ಮನೆಯಲ್ಲಿ ಚಹಾ, ಮಂಡಕ್ಕಿ ಒಗ್ಗರಣೆ. ಅಲ್ಲಿಂದ ಏಳುವಷ್ಟರಲ್ಲಿ ಹೊತ್ತು ಏರಿತ್ತು.

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಸೇರುತ್ತದೆ. ಗಳಗೇಶ್ವರ ಗುಡಿಯ ವಿಚಿತ್ರವೆಂದರೆ ಅದರ ತಳಪಾಯ. ಗೋಡೆಗಳ ಸುತ್ತ ಪಿರಮಿಡ್ಡಿನಂತೆ ಇಳಿಜಾರಾಗಿ ಕಲ್ಲು ಪೇರಿಸಿದ್ದಾರೆ. ಹೊಳೆಯ ದಂಡೆಯ ಮಣ್ಣಿನಲ್ಲಿ ಗುಡಿ ಕುಸಿಯಬಾರದೆಂಬ ಎಚ್ಚರವಿರಬಹುದು. ಈ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು ಕನ್ನಡದ ಮೊದಲ ತಲೆಮಾರಿನ ಕಾದಂಬರಿಕಾರರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಅವರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರೆಂದು ಹೇಳುತ್ತಾರೆ. ಅಲ್ಲಿಂದ ಹೊಸರಿತ್ತಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಏಕೈಕ ಕನ್ನಡಿಗ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, 1943ರ ಏಪ್ರಿಲ್ 1ರಂದು ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದದ್ದು ಇಲ್ಲಿ. ಬ್ರಿಟಿಷರು ಕಂದಾಯದ ಹಣವನ್ನು ಊರ ಗುಡಿಯಲ್ಲಿ ಕಾವಲು ಹಾಕಿ ಇಟ್ಟಿದ್ದರು, ಅದನ್ನು ವಶಪಡಿಸಿಕೊಳ್ಳಲು ಹೋದಾಗ ನಡೆದದ್ದು.

ಹಿಂದಿರುಗುವಾಗ ದೇವರಗುಡ್ಡದ ಕಡೆಯ ರಸ್ತೆ ತುಂಬ ಟ್ರ್ಯಾಕ್ಟರು, ಚಕ್ಕಡಿಗಳು. ದಸರೆಯಲ್ಲಿ ಅಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಮಳೆ ಬೆಳೆ ರಾಜ್ಯದ ಭವಿಷ್ಯವೆಲ್ಲ ಒಂದೇ ಸಾಲಿನಲ್ಲಿ ಬರುತ್ತದೆ, ಅರ್ಥ ಬಿಡಿಸುವುದು ಕೇಳಿದವರಿಗೆ ಬಿಟ್ಟದ್ದು. ಅಬ್ಬಾ ಜಾತ್ರೆ ಸ್ಪೆಷಲ್ ಓಡಿಸಿದ ವರ್ಷಗಳ ಕತೆ ಹೇಳಿದರು. ಬಸ್ಸಿನ ಮೇಲೂ ಒಳಗೂ ಜನ, ಟೋಪಿಯ ಮೇಲೆ ಭಂಡಾರ ಬಿದ್ದು ಹಳದಿಯಾದದ್ದು, ಅಮ್ಮಿ ಅದನ್ನು ಎಷ್ಟು ತೊಳೆದರೂ ಹೋಗದ್ದು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ಸಂಜೆಗೇ ನೋಡಬೇಕು. 1974ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 119 ಚದರ ಕಿಲೋಮೀಟರ್. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಗಂಡು ಚಿಗರಿಯ ಸುರುಳಿ ಕೋಡು, ಬೆನ್ನಿನ ಕಪ್ಪು, ಹೊಟ್ಟೆಯ ಬಿಳುಪು ನೋಡಿದರೆ ಲೆಸ್ಟರಿನ ಜಿಂಕೆಗಳು ಸಪ್ಪೆ ಎನಿಸುತ್ತವೆ. (ಅಳಿಯ ಒಪ್ಪುವುದಿಲ್ಲ.) ಆದರೆ ಇದರ ಕತೆ ಅಷ್ಟು ಸರಳವಲ್ಲ. ಚಿಗರಿ ಬಯಲಿನ ಪ್ರಾಣಿ. ದೂರದ ವೈರಿ ಕಾಣಬೇಕು, ಕಂಡೊಡನೆ ಓಡಲು ಜಾಗ ಬೇಕು. ಅರಣ್ಯ ಇಲಾಖೆ ಹಿಂದೆ ಈ ಹುಲ್ಲುಗಾವಲಿನಲ್ಲಿ ನೀಲಗಿರಿ ಗಿಡ ನೆಟ್ಟಿತು. ಬಯಲು ಕಾಡಿನಂತೆ ಕಾಣತೊಡಗಿತು, ಹುಲ್ಲು ಕಡಿಮೆಯಾಯಿತು. ಬಯಲನ್ನೇ ನಂಬಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿ ಇಲ್ಲಿಂದ ಕಣ್ಮರೆಯಾಯಿತು. ಅದರ ಸಲುವಾಗಿಯೂ ಈ ಅಭಯಾರಣ್ಯ ಮಾಡಿದ್ದೆಂಬುದನ್ನು ನೆನೆದರೆ ಬೇಸರವಾಗುತ್ತದೆ. ಚಿಗರಿಗಳೇನೋ ಉಳಿದವು, ಹೆಚ್ಚಿದವು. ಈಗ ಅವು ಸುತ್ತಲಿನ ಗೋವಿನಜೋಳದ ಹೊಲಗಳಿಗೆ ನುಗ್ಗುತ್ತವೆ. ಬದುವಿನ ಮೇಲೆ ಕಾವಲು ಕುಳಿತ ರೈತನೊಬ್ಬನನ್ನು ಮಾತಾಡಿಸಿದೆವು. "ಅವು ನೋಡಾಕ ಛಂದ್ರಿ. ಬಿತ್ತಿದಾಂವ ನೋಡಾಕ ಹೋಗಂಗಿಲ್ಲ" ಎಂದ.

ಒಂದು ಹಿಂಡು ರಸ್ತೆ ದಾಟಿತು. ಒಂದರ ಹಿಂದೆ ಒಂದು ಹಾರಿ ಹಾರಿ. ನಾನು ಗಾಡಿ ನಿಲ್ಲಿಸುವ ಮೊದಲೇ ಅಬ್ಬಾನ ಕಾಲು ನೆಲಕ್ಕೆ ಒತ್ತಿತ್ತು. "ಎಷ್ಟು?" ಎಂದು ಕೇಳಿದರು. ಹನ್ನೊಂದು ಎಂದೆ. "ನನಗೆ ಮೂರು ಸಿಕ್ಕವು" ಎಂದರು.

ಎರಡನೆಯ ದಿನ ಬ್ಯಾಡಗಿ. ಊರು ಇನ್ನೂ ದೂರವಿರುವಾಗಲೇ ಗಂಟಲಲ್ಲಿ ಕೆರೆತ ಶುರುವಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಅದರ ಬಣ್ಣದ್ದು, ಖಾರದ್ದಲ್ಲ. ಕಡ್ಡಿ ತೆಳ್ಳಗೆ, ಉದ್ದಕ್ಕೆ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಇದರಿಂದ ತೆಗೆದ ಬಣ್ಣದ ರಸ ತುಟಿಗೆ ಬಳಿಯುವ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು. ಆದರೆ ಊರಿನ ಹೆಸರಿನ ಕಾಯಿ ಈಗ ಹೆಚ್ಚಾಗಿ ಬರುವುದು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕರ್ನೂಲಿನ ಕಡೆಯಿಂದ. ಸುತ್ತಲ ರೈತರು ಗೋವಿನಜೋಳಕ್ಕೆ ಹೊರಳಿದ್ದಾರೆ. ಊರಿಗೆ ಉಳಿದಿರುವುದು ಮಾರುಕಟ್ಟೆ, ಶೀತಲಗೃಹಗಳು, ಪುಡಿ ಮಾಡುವ ಗಿರಣಿಗಳು ಮತ್ತು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ತುಂಬು ಬಿಡಿಸುವ ಹೆಂಗಸರು. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರ ಬೆರಳೂ ಒಂದೇ ಥರ ಉರಿಯುತ್ತವೆ. ಪ್ರವಾಸಿ ತಾಣಗಳ ಯಾವ ಪಟ್ಟಿಯಲ್ಲೂ ಈ ಮಾರುಕಟ್ಟೆ ಇರಲಿಕ್ಕಿಲ್ಲ. ನನ್ನ ಮಟ್ಟಿಗೆ ಜಿಲ್ಲೆಯಲ್ಲಿ ನೋಡಲೇಬೇಕಾದ ಜಾಗವೆಂದರೆ ಇದು. ಚೀಲ ಬಿಚ್ಚಿ ಸುರಿದ ಕಾಯಿಯ ಕೆಂಪು ಕಣ್ಣು ಕುಕ್ಕುತ್ತದೆ. ಅಬ್ಬಾ ಬಹಳ ಹೊತ್ತು ಅಲ್ಲಿಯೇ ನಿಂತರು. ಇಷ್ಟು ದೊಡ್ಡ ಕೆಂಪು ಯಾವ ಕಣ್ಣಿಗಾದರೂ ಕಾಣುತ್ತದೆ.

2024ರ ಮಾರ್ಚ್ 11ರಂದು ಈ ಕೆಂಪಿಗೆ ಬೆಂಕಿಯ ಕೆಂಪು ಸೇರಿತು. ದರ ಒಮ್ಮೆಲೇ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ಯಾರೂ ಸರಿಯೆನ್ನಲಾರರು. ಆದರೆ ನೂರಾರು ಕಿಲೋಮೀಟರ್ ದೂರದಿಂದ ಲಾರಿ ಬಾಡಿಗೆ ಕೊಟ್ಟು ಮಾಲು ತಂದವನಿಗೆ, ಈ ದರಕ್ಕೆ ಕೊಡುವುದಿಲ್ಲ ಎಂದು ಹಿಂದಕ್ಕೆ ಒಯ್ಯುವ ದಾರಿಯೇ ಇರುವುದಿಲ್ಲ. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಆ ದಿನ ಅಬ್ಬಾನ ಬಸ್ಸು ಊರ ಹೊರಗೇ ಸಂಜೆಯವರೆಗೆ ನಿಂತಿತ್ತು.

ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನದೇ. ಕನಕದಾಸರ ಅಂಕಿತದಲ್ಲಿರುವ ಆದಿಕೇಶವ ಇಲ್ಲಿಯವನು. ಬಂಕಾಪುರದ ಹತ್ತಿರದ ಬಾಡದಲ್ಲಿ ಹುಟ್ಟಿ, ದಂಡನಾಯಕನಾಗಿದ್ದವನು ಕತ್ತಿ ಕೆಳಗಿಟ್ಟು ದಾಸನಾದ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. ಹೊಸ ಕಟ್ಟಡಗಳು, ಉದ್ಯಾನ ಎಲ್ಲ ಆಗಿವೆ. ಅಬ್ಬಾ ಅಲ್ಲಿಯ ಮರದ ನೆರಳಿನಲ್ಲಿ ಜೊಹರ್ ನಮಾಜು ಮುಗಿಸಿದರು. ಪಕ್ಕದಲ್ಲಿ ಬುತ್ತಿ ಬಿಚ್ಚಿದ್ದ ಕುಟುಂಬದ ಹೆಣ್ಣುಮಗಳು ಮಕ್ಕಳಿಗೆ, "ಗದ್ದಲ ಮಾಡಬ್ಯಾಡ್ರಿ, ಅಜ್ಜಾರ್ ನಮಾಜ್ ಮಾಡಾಕತ್ತಾರ" ಎಂದದ್ದು ನನಗೆ ಕೇಳಿಸಿತು. ರೊಟ್ಟಿ, ಎಣ್ಣೆಗಾಯಿ ನಮ್ಮ ಪಾಲಿಗೂ ಬಂದವು.

ಹಾವೇರಿ ಪಟ್ಟಣದ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿ, ಸುತ್ತಲಿನ ನೆಲಕ್ಕಿಂತ ಕೆಳಗಿದೆ. ಪೇಟೆಯ ಗದ್ದಲದಿಂದ ನಾಲ್ಕು ಮೆಟ್ಟಿಲು ಇಳಿದರೆ ತಣ್ಣಗಿನ ಬೇರೆ ಲೋಕ. ಆದರೆ ನಾನು ಅಬ್ಬಾನನ್ನು ಮುಖ್ಯವಾಗಿ ಕರೆದೊಯ್ಯಬೇಕೆಂದಿದ್ದು ಏಲಕ್ಕಿ ಹಾರ ಕಟ್ಟುವಲ್ಲಿಗೆ. ಹಾವೇರಿಗೆ ಏಲಕ್ಕಿ ಕಂಪಿನ ನಾಡೆಂಬ ಹೆಸರಿದೆ, ಇಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನ ಏಲಕ್ಕಿ ಇಲ್ಲಿಗೆ ಬಂದು, ಹಸನಾಗಿ, ಹೊರಗಿನ ಪೇಟೆಗಳಿಗೆ ಹೋಗುತ್ತಿತ್ತು. ಆ ವ್ಯಾಪಾರ ಇಳಿದರೂ ಹಾರ ಉಳಿದಿದೆ. ಅದನ್ನು ಉಳಿಸಿದ್ದು ಪಟವೇಗಾರ ಕಸುಬಿನ ಮುಸ್ಲಿಂ ಮನೆತನ. ರೇಷ್ಮೆ, ಜರಿ, ಮಣಿ ಪೋಣಿಸುವ ಬೆರಳುಗಳು ಏಲಕ್ಕಿಯನ್ನು ಪೋಣಿಸುತ್ತವೆ. ಮಂತ್ರಿಗಳ ಕೊರಳಿಗೆ, ಮದುಮಕ್ಕಳ ಕೊರಳಿಗೆ, ಮಠದ ಸ್ವಾಮಿಗಳ ಕೊರಳಿಗೆ ಬೀಳುವುದು ಇದೇ ಹಾರ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮುಖ್ಯ ವೇದಿಕೆಗೆ ಕನಕ, ಸರ್ವಜ್ಞರ ಜೊತೆ ಶರೀಫರ ಹೆಸರನ್ನೂ ಇಟ್ಟಿದ್ದರು. ಗೋಷ್ಠಿಗಳಲ್ಲಿ ಮಾತ್ರ ಮುಸ್ಲಿಂ ಬರಹಗಾರರಿಗೆ ತಕ್ಕ ಜಾಗ ಸಿಗಲಿಲ್ಲವೆಂದು ದೂರು ಎದ್ದಿತು, ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಪ್ರತಿರೋಧವಾಗಿ ಜನಸಾಹಿತ್ಯ ಸಮ್ಮೇಳನವೇ ನಡೆಯಿತು. ಹಾರ ಕಟ್ಟುವವರಿಗೆ ವೇದಿಕೆಯ ಚಿಂತೆ ಇದ್ದ ಹಾಗೆ ಕಾಣಲಿಲ್ಲ. ಆ ಮಾತು ನಮ್ಮಂಥ ಓದುಬರಹದವರದ್ದು.

ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನಲ್ಲಿರುವ ಕಮಲವನ್ನು ಕತ್ತೆತ್ತಿ ನೋಡಬೇಕು. ಅಷ್ಟು ದೂರದ್ದು ಅಬ್ಬಾನಿಗೆ ನಿಲುಕಲಾರದೆಂದು ಆ ದಾರಿ ಬಿಟ್ಟೆವು.

ಮೂರನೆಯ ದಿನ ಅಮ್ಮಿಯೂ ನನ್ನ ಹೆಂಡತಿಯೂ ಬಂದರು. ಎರಡು ದಿನ ಟೋಪಿ ಸುರಕ್ಷಿತವಾಗಿ ಮರಳಿದ್ದರಿಂದ ಅಮ್ಮಿಗೆ ಧೈರ್ಯ ಬಂದಿರಬೇಕು. ಬಂಕಾಪುರದ ಹಾಳುಕೋಟೆಯೊಳಗೆ 139 ಎಕರೆ ಜಾಗ. ಅಲ್ಲಿ ಖಿಲಾರಿ ದನಗಳ ತಳಿ ಕೇಂದ್ರ, 2006ರಲ್ಲಿ ಘೋಷಣೆಯಾದ ನವಿಲುಧಾಮ, ಅರವತ್ತಕ್ಕೂ ಹೆಚ್ಚು ಕಂಬಗಳ ನಗರೇಶ್ವರ ಗುಡಿ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರಿನ ಊರಿದು. ಕವಿ ರನ್ನ ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತದ್ದು ಇಲ್ಲಿಯೇ. ಜೈನರ ಪಾಠಶಾಲೆ, ಶೈವರ ಗುಡಿ, ಪಠಾಣರ ಆಳ್ವಿಕೆ, ಈಗ ನವಿಲು. ನವಿಲಿನ ಕೂಗು ಕೇಳಿದ್ದೇ ಅಬ್ಬಾ ಕಣ್ಣು ಮುಚ್ಚಿ ಯಾವ ದಿಕ್ಕಿನಲ್ಲಿ ಎಷ್ಟಿವೆ ಎಂದು ಹೇಳತೊಡಗಿದರು. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಕಡೆ ಹೋದಾಗ ಅಮ್ಮಿಯ ಸರದಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಈ ತೋಟದಲ್ಲಿ ಹಳ್ಳಿಯ ಬದುಕನ್ನೆಲ್ಲ ಆಳೆತ್ತರದ ಬೊಂಬೆಗಳಾಗಿ ನಿಲ್ಲಿಸಿದ್ದಾರೆ. ಬೀಸುವ ಹೆಂಗಸಿನ ಬೊಂಬೆಯ ಮುಂದೆ ಅಮ್ಮಿ, "ಇವಳ ಕೈ ಹಿಡಿತ ಸರಿಯಾಗಿದೆ" ಎಂದು ಪ್ರಮಾಣಪತ್ರ ಕೊಟ್ಟರು.

ಶಿಶುನಾಳಕ್ಕೆ ಹೋಗುವ ಮೊದಲು ಹುಲಗೂರು. ಅಲ್ಲಿಯ ಖಾದರಿ ದರ್ಗಾದಲ್ಲಿ ಇಮಾಮ್ ಸಾಹೇಬ, ಹಜ್ಜೂಮಾ ದಂಪತಿ ಹರಕೆ ಹೊತ್ತದ್ದರಿಂದ ಶರೀಫರು ಹುಟ್ಟಿದರೆಂದು ಜನ ಹೇಳುತ್ತಾರೆ. 1819ರಿಂದ 1889ರವರೆಗೆ ಬದುಕಿದ ಶರೀಫರು ಮುಲ್ಕಿ ಪರೀಕ್ಷೆ ಪಾಸು ಮಾಡಿ ಶಾಲಾ ಮಾಸ್ತರರಾಗಿದ್ದವರು. ಕಳಸದ ಗೋವಿಂದ ಭಟ್ಟರು ಅವರ ಗುರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಇಬ್ಬರಿಗೂ ತಮ್ಮ ತಮ್ಮ ಜನರಿಂದ ಬೈಗುಳ. ಈಗ ನಾವು ಶರೀಫರನ್ನು ಸೌಹಾರ್ದದ ಸಂಕೇತವೆಂದು ಭಾಷಣಗಳಲ್ಲಿ ಕರೆಯುತ್ತೇವೆ. ಅವರ ಕಾಲದಲ್ಲಿ ಅದು ಸಂಕೇತವಾಗಿರಲಿಲ್ಲ, ದಿನನಿತ್ಯದ ಕಷ್ಟವಾಗಿತ್ತು. ಗದ್ದುಗೆಯಲ್ಲಿ ಹಿಂದೂಗಳು ಕಾಯಿ ಒಡೆಸುತ್ತಾರೆ, ಮುಸ್ಲಿಮರು ಫಾತೆಹಾ ಓದಿಸುತ್ತಾರೆ. ಯಾರೂ ಯಾರಿಗೂ ವಿವರಣೆ ಕೊಡುವ ಅಗತ್ಯ ಅಲ್ಲಿ ಕಾಣಲಿಲ್ಲ. ಸಿ. ಅಶ್ವಥ್ ಅವರ ಕಂಠದಿಂದ ಶರೀಫರ ಪದಗಳು ನಾಡೆಲ್ಲ ಹರಡುವ ಮೊದಲೇ ಅಬ್ಬಾ ಅವುಗಳನ್ನು ಬಸ್ಸಿನಲ್ಲಿ ಕೇಳಿದ್ದರು. ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ ಭಜನೆಯವರು ತಂಬೂರಿ ಹಿಡಿದು ಹತ್ತುತ್ತಿದ್ದರಂತೆ. "ಆವಾಗ ನಾನು ಗಾಡಿ ಸ್ವಲ್ಪ ನಿಧಾನ ಹೊಡೆಯುತ್ತಿದ್ದೆ" ಎಂದರು.

ಸವಣೂರು ತಲುಪಿದಾಗ ಅಸರ್ ಆಗಿತ್ತು. ನವಾಬರ ಊರು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಸತ್ಯಬೋಧತೀರ್ಥರ ಬೃಂದಾವನ ಇಲ್ಲಿದೆ, ನವಾಬರು ಆ ಸ್ವಾಮಿಗಳನ್ನು ಗೌರವಿಸಿದ ಕತೆಗಳನ್ನು ಊರವರು ಇಂದಿಗೂ ಹೇಳುತ್ತಾರೆ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದೂ ಈ ಊರಿನಲ್ಲಿ. ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳು ಮೂಲತಃ ಆಫ್ರಿಕಾದವು. ಸಮುದ್ರ ದಾಟಿ ಈ ಕಪ್ಪು ನೆಲಕ್ಕೆ ಯಾರು ತಂದರೋ, ಅರಬ್ ವ್ಯಾಪಾರಿಗಳ ಹೆಸರು ಹೇಳುವವರಿದ್ದಾರೆ. ಆನೆಯ ಮೈಯಂಥ ತೊಗಟೆ, ಹತ್ತಾರು ಜನ ಕೈ ಹಿಡಿದರೂ ಸುತ್ತು ಮುಗಿಯದ ಬೊಡ್ಡೆ. ಮೂರರಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಬುಡಸಮೇತ ಉರುಳಿತು. ಕಡಿದು ಸೌದೆ ಮಾಡಲಿಲ್ಲ. ಕೊಂಬೆ ತರಿದು, ಯಂತ್ರಗಳಿಂದ ಎತ್ತಿ, ಮತ್ತೆ ಅದೇ ಆವರಣದಲ್ಲಿ ನೆಟ್ಟರು.

ಅಬ್ಬಾ ನಿಂತಿರುವ ಮರವೊಂದಕ್ಕೆ ಎರಡೂ ಅಂಗೈ ಊರಿ, ಗೋಡೆ ಹಿಡಿದು ನಡೆಯುವವರ ಹಾಗೆ ಸುತ್ತು ಹಾಕತೊಡಗಿದರು. ಅಮ್ಮಿ, ಕಾಲಡಿ ಬೇರುಗಳಿವೆ ನೋಡಿಕೊಳ್ಳಿ ಎಂದು ಕೂಗಿದರು. ಆ ಕಡೆಯಿಂದ, ಕಾಣದ ಬದಿಯಿಂದ, ಅಬ್ಬಾನ ದನಿ ಬಂತು: "ನೀವು ಹೋಗಿ ಖಾರ, ಎಲೆ ತೆಗೆದುಕೊಂಡು ಬನ್ನಿ. ನನಗೆ ಇನ್ನೂ ಅರ್ಧ ಉಳಿದಿದೆ."

ಸವಣೂರಿನ ಖಾರ ಎರಡು ಕಿಲೊ ಕಟ್ಟಿಸಿದೆವು, ವೀಳ್ಯದೆಲೆಯ ಒಂದು ಕಟ್ಟು ಕೊಂಡೆವು. ಒಂದು ಕಿಲೊ ಖಾರ ಲೆಸ್ಟರ್‌ಗೆ ಹೋಗಬೇಕು.